ಹೆಗಲು ಇಳಿಸೋದು ಎಲ್ಲಿ? ಕಚೇರಿ ಮೈಗೆ ಅಭ್ಯಂಗವೋ, ಫಿಸಿಯೋನೋ, ಯೋಗನಿದ್ರೆಯೋ

ಜಂಪರದ ಅಳತೆ ಕೊಡಲು ಬೆಳಗಾವಿ ಶಹಾಪುರದ ನಮ್ಮ ಟೇಲರ್ ಮುಂದೆ ನಿಂತಿದ್ದೆ. ಟೇಪು ಹಿಡಿದುಕೊಂಡೇ ಆಕೆ, “ಅಕ್ಕಾರ, ಎಡಗಡೆ ಹೆಗಲ ಸಡ್ಲ ಬಿಡ್ರಿ” ಅಂದಳು. “ಬಿಟ್ಟೇನಲ್ಲವಾ” ಅಂದೆ. “ಎಲ್ಲಿ ಬಿಟ್ಟೀರಿ, ಎತ್ತಿ ಹಿಡದೀರಿ” ಎನ್ನುತ್ತ ಎರಡು ಬೆರಳನ್ನು ಹೆಗಲ ತುದಿಗೆ ಇಟ್ಟಳು. ಒತ್ತಲಿಲ್ಲ, ತಿಕ್ಕಲಿಲ್ಲ, ಸುಮ್ಮನೆ ಇಟ್ಟಳು. ಹೆಗಲು ತಾನಾಗಿ ಇಳಿಯಿತು. ಅಷ್ಟು ಹೊತ್ತು ಅದು ಮೇಲೇ ಇತ್ತೆಂಬುದು ನನಗೆ ಗೊತ್ತಾದದ್ದು ಇಳಿದ ಮೇಲೆಯೇ. ಟೇಪಿನ ಮೇಲೆ ಅರ್ಧ ಇಂಚು ಫರಕು ಬಂತು. ಯಾವ ಅಳತೆ ಬರೆದುಕೊಳ್ಳಲಿ ಎಂದು ಆಕೆ ಪೆನ್ನು ಹಿಡಿದು ನನ್ನ ಮುಖ ನೋಡಿದಳು.

ನಾನು ಉದ್ಯಮಬಾಗದ ಒಂದು ಫೌಂಡ್ರಿಯ ಆಫೀಸಿನಲ್ಲಿ ಲೆಕ್ಕ ನೋಡುವವಳು. ಎರಕ ಹೊಯ್ಯುವ ಮಂದಿ ಅಂಗಳದ ಆಚೆ, ನಾನು ಈಚೆ, ಏಸಿ ಕೋಣೆಯಲ್ಲಿ ಎರಡು ಸ್ಕ್ರೀನುಗಳ ಮುಂದೆ. ತಿಂಗಳ 11ಕ್ಕೆ ಒಂದು ಜಿಎಸ್‌ಟಿ ರಿಟರ್ನು, 20ಕ್ಕೆ ಇನ್ನೊಂದು, ನಡುವೆ ಪಗಾರ, ಮಾರ್ಚ್ ಬಂತೆಂದರೆ ಕೇಳುವುದೇ ಬೇಡ. ಕಬ್ಬಿಣ ಎತ್ತುವವರು ಅವರು, ದಣಿದೆ ಅನ್ನುವವಳು ನಾನು. ಹೇಳಿಕೊಳ್ಳಲಿಕ್ಕೂ ನಾಚಿಕೆ. ಇಂಥಲ್ಲಿ ಎಂದು ತೋರಿಸಲಿಕ್ಕೆ ಬ್ಯಾನಿ ಇಲ್ಲ. ಸಂಜೆ ಮನೆ ಮುಂದೆ ಸ್ಕೂಟಿಗೆ ಸ್ಟ್ಯಾಂಡು ಹಾಕುವ ಹೊತ್ತಿಗೆ ಮಾತ್ರ ಮೈಯೆಲ್ಲ ಹಿಂಡಿ ಹಾಕಿದ ಅರಿವೆ. ಹಲ್ಲು ಕಚ್ಚಿಕೊಂಡಿರುತ್ತೇನೆ, ಗೊತ್ತಿರುವುದಿಲ್ಲ. ಉಸಿರು ಎದೆಯ ಮೇಲ್ಭಾಗದಲ್ಲೇ ಓಡಾಡುತ್ತಿರುತ್ತದೆ, ಅದೂ ಗೊತ್ತಿರುವುದಿಲ್ಲ. ಮನೆಯವರು “ಕೂತು ಕೂತು ದಣಿಯೋದು ಹೆಂಗ?” ಅಂತಾರೆ.

ಕೂತು ದಣಿಯುವ ಇಂಥ ಮೈಗೆ ನಮ್ಮ ಊರಲ್ಲಿ ಏನೇನು ದಾರಿ ಇದೆ, ಯಾವುದು ಯಾರಿಗೆ ಎಂದು ಎರಡು ವರ್ಷದಿಂದ ಹುಡುಕುತ್ತಿದ್ದೇನೆ. ಕೆಲವಕ್ಕೆ ಹಣ ತೆತ್ತಿದ್ದೇನೆ, ಒಂದು ಕಡೆ ಮೈ ನೀಲಿಗಟ್ಟಿಸಿಕೊಂಡೂ ಬಂದಿದ್ದೇನೆ. ನಾನು ಡಾಕ್ಟರಲ್ಲ. ನಾಲ್ಕಾರು ಅಂಗಡಿ ಸುತ್ತಿ ಸೀರೆ ತಂದವಳು ಪಕ್ಕದ ಮನೆಯವರಿಗೆ ಹೇಳುತ್ತಾಳಲ್ಲ, ಅಷ್ಟೇ ಇದು.

ಮೊದಲು ಲ್ಯಾಬಿಗೆ, ಆಮೇಲೆ ಎಣ್ಣೆಗೆ

ದಣಿವಿಗೆ ಮಾಲೀಷು ಮಾಡಿಸುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡಿನ ಟಿಎಸ್‌ಎಚ್, ಸಕ್ಕರೆ, ಬಿ12, ಇಷ್ಟು ಸಾಕು. ಸಸ್ಯಾಹಾರಿ ಮನೆಗಳವರು ಬಿ12 ಅನ್ನು ಬಿಡಲೇಬೇಡಿ. ರೊಟ್ಟಿ, ಪಲ್ಲೆ, ಕಾಳು ಎಷ್ಟು ಉಂಡರೂ ಅದರಲ್ಲಿ ಆ ವಿಟಮಿನ್ ಇಲ್ಲ. ನಮಗೆ ಸಿಗುವುದು ಹಾಲು ಮೊಸರಿನಿಂದ ಮಾತ್ರ. ನನಗೆ ಕಡಿಮೆ ಬಂತು, ಡಾಕ್ಟರು ಗುಳಿಗೆ ಕೊಟ್ಟರು, ಎರಡು ಮೂರು ತಿಂಗಳಲ್ಲಿ ಅರ್ಧ ದಣಿವು ಹೋಯಿತು. ಹೆಗಲು ಮಾತ್ರ ಮೇಲೆಯೇ ಉಳಿಯಿತು. ರಾತ್ರಿ ಜೋರಾಗಿ ಗೊರಕೆ ಹೊಡೆದು ಹಗಲು ತೂಕಡಿಸುವವರಿಗೂ ಬೇಕಾದದ್ದು ಮಾಲೀಷಲ್ಲ, ನಿದ್ದೆಯ ತಪಾಸಣೆ.

ಕೈಗೆ ಜುಮು ಹಿಡಿದು ಹಿಡಿತ ಸಡಿಲಾಗುವುದು, ರಾತ್ರಿ ಮಲಗಿದರೂ ಬಿಡದ ನೋವು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮೂತ್ರದ ಹಿಡಿತ ತಪ್ಪುವುದು: ಇವು ಯಾವುದಿದ್ದರೂ ನೇರ ಆಸ್ಪತ್ರೆಗೆ ಹೋಗಿ. ನಡೆದಾಗ ಎದೆ ಬಿಗಿದು ನೋವು ಎಡಗೈಗೋ ದವಡೆಗೋ ಇಳಿದರೆ ಅದನ್ನು “ನರ ಹಿಡದೈತಿ” ಎಂದು ತಿಕ್ಕಿಸುತ್ತ ಕೂಡಬೇಡಿ. ಒಂದೇ ಕಾಲಿನ ಮೀನಖಂಡ ಬಾತು ಬಿಸಿಯಾಗಿದ್ದರೆ ಅದನ್ನು ಒತ್ತಿಸಲೇಬಾರದು, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ರಕ್ತ ತೆಳುವಾಗಿಸುವ ಗುಳಿಗೆ ತಿನ್ನುವವರು, ಬಸುರಿಯರು, ಎಲುಬು ಸವೆದವರು ಎಲ್ಲಿಗೆ ಹೋಗುವುದಿದ್ದರೂ ಮೊದಲು ತಮ್ಮ ಡಾಕ್ಟರನ್ನು ಕೇಳಲಿ.

ಮನೆಯ ಸೊಸೆಯಂಥ ಎಳೆಗಳು

ಭಾರವನ್ನೇ ಎತ್ತದ ಹೆಗಲು ಯಾಕೆ ದಣಿಯುತ್ತದೆ? ಇದಕ್ಕೆ ನಾನು ಓದಿದ ಉತ್ತರಗಳಲ್ಲಿ ಮನಸ್ಸಿಗೆ ಹಿಡಿಸಿದ್ದು ಸ್ವೀಡನ್ನಿನ ಸಂಶೋಧಕ ಯೋರಾನ್ ಹೆಗ್ 1991ರಲ್ಲಿ ಮುಂದಿಟ್ಟದ್ದು. ಸ್ನಾಯುವಿನಲ್ಲಿ ಸಣ್ಣ ಎಳೆಗಳು, ದೊಡ್ಡ ಎಳೆಗಳು ಇರುತ್ತವೆ. ಕೆಲಸ ಶುರುವಾದಾಗ ಮೊದಲು ಎದ್ದು ಬರುವವು ಸಣ್ಣವು. ಕೆಲಸ ಪೂರ್ತಿ ನಿಲ್ಲುವ ತನಕ ಅವಕ್ಕೆ ಬಿಡುವಿಲ್ಲ. ಮೂಟೆ ಎತ್ತಿದರೆ ದೊಡ್ಡ ಎಳೆಗಳು ಬಂದು, ಎತ್ತಿ, ಹೋಗಿ ಮಲಗುತ್ತವೆ. ಮೌಸ್ ಹಿಡಿಯುವಂಥ ಹಗುರ ಕೆಲಸದಲ್ಲಿ ಅದೇ ಸಣ್ಣ ಎಳೆಗಳು ಬೆಳಗಿನಿಂದ ಸಂಜೆತನಕ ಎದ್ದೇ ಇರುತ್ತವೆ. ಅವರು ಇದಕ್ಕೆ ಕತೆಯ ಸಿಂಡರೆಲಾಳ ಹೆಸರಿಟ್ಟರು. ನಮ್ಮ ಕಡೆಯವರು ಇಟ್ಟಿದ್ದರೆ ಸಣ್ಣ ಸೊಸಿ ಅನ್ನುತ್ತಿದ್ದರು: ಎಲ್ಲರಿಗಿಂತ ಮೊದಲು ಏಳುವವಳು, ಎಲ್ಲರೂ ಮಲಗಿದ ಮೇಲೆ ಮಲಗುವವಳು. ಮನಸ್ಸಿನ ಒತ್ತಡ ಒಂದಿದ್ದರೂ ಸಾಕು, ಕೈ ಸುಮ್ಮನಿದ್ದಾಗಲೂ ಹೆಗಲ ಸ್ನಾಯು ಬಿಗಿದುಕೊಂಡಿರುತ್ತದೆ. ಸಾಹೇಬರ ಚೇಂಬರಿನ ಬಾಗಿಲು ಸದ್ದಾದರೆ ನನ್ನ ಹೆಗಲು ಏಳುವುದನ್ನು ನಾನೇ ಕಂಡಿದ್ದೇನೆ.

ಈ ಮಾತು ತಲೆಗೆ ಹೋದ ಮೇಲೆ ನನ್ನ ಆಯ್ಕೆಯ ಅಳತೆಗೋಲೇ ಬದಲಾಯಿತು. ದಿನವಿಡೀ ದುಡಿಯುವ ಸೊಸೆಯನ್ನು ತಿಂಗಳಿಗೊಮ್ಮೆ ಮಹಾಬಳೇಶ್ವರಕ್ಕೆ ಕರೆದುಕೊಂಡು ಹೋದರೆ ಆಕೆಯ ದಣಿವು ಆರುತ್ತದೆಯೇ? ದಿನಕ್ಕೆ ಹತ್ತು ಸಲ ಎರಡೆರಡು ನಿಮಿಷ ಕೂತುಕೊಳ್ಳಲು ಬಿಟ್ಟರೆ ಆರುತ್ತದೆ. ಹಾಗಾಗಿ ಯಾವ ಉಪಚಾರ ಕಂಡರೂ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ರವಿವಾರ ಮಾಡಿಸಿಕೊಂಡದ್ದರಲ್ಲಿ ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ, ಆಫೀಸಿನ ಖುರ್ಚಿಯಲ್ಲಿ, ಎಷ್ಟು ಉಳಿದಿರುತ್ತದೆ?

ಅಭ್ಯಂಗ

ನಮ್ಮ ಭಾಗದವರಿಗೆ ಇದು ಹೊಸದಲ್ಲ. ನನ್ನ ಹೆರಿಗೆಯಾದಾಗ ಎರೆಯಲು ಬರುತ್ತಿದ್ದ ಅಜ್ಜಿ ಕೂಸಿಗೂ ನನಗೂ ಎಣ್ಣೆ ಹಚ್ಚುತ್ತಿದ್ದಳು. ಕೂಸಿಗೆ ಹಚ್ಚುವಾಗ ಕೈ ಹೂವು, ನನಗೆ ಹಚ್ಚುವಾಗ ಕೈ ಕಲ್ಲು. ಬಾಣಂತಿ ಸೊಂಟಕ್ಕೆ ಅದು ಹಿತವಾಗಿತ್ತು. ಕಚೇರಿಯ ಬಿಗಿತಕ್ಕೆ ಬೇಕಾದದ್ದು ಕೂಸಿಗೆ ಹಚ್ಚುವ ಕೈ ಎಂದು ತಿಳಿಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಬೆಳಗಾವಿಯಲ್ಲಿ ಇದಕ್ಕೆ ಆಸ್ಪತ್ರೆಯ ದಾರಿಯೂ ಇದೆ, ಸ್ಪಾದ ದಾರಿಯೂ ಇದೆ. ಶಹಾಪುರದ ಕೆಎಲ್‌ಇ ಬಿ.ಎಂ. ಕಂಕಣವಾಡಿ ಆಯುರ್ವೇದ ಕಾಲೇಜು 1933ರಿಂದ ಇದೆ, ಜೊತೆಗೇ ಆಸ್ಪತ್ರೆ ಇದೆ. ಬಾಗಲಕೋಟೆಯಲ್ಲಿ ಬಿವಿವಿ ಸಂಘದ ಆಯುರ್ವೇದ ಕಾಲೇಜು, ವಿಜಯಪುರದಲ್ಲಿ ಬಿಎಲ್‌ಡಿಇ ಸಂಸ್ಥೆಯದು. ಮೂರೂ ಜಿಲ್ಲೆಯವರಿಗೆ ಪಂಚಕರ್ಮಕ್ಕೆ ದೂರ ಹೋಗುವ ಜರೂರಿಲ್ಲ. ಕಾಲೇಜು ಆಸ್ಪತ್ರೆಗೂ ಸ್ಪಾಕ್ಕೂ ಮೊದಲ ಫರಕು ಏನೆಂದರೆ, ಆಸ್ಪತ್ರೆಯಲ್ಲಿ ಮೈ ಮುಟ್ಟುವ ಮೊದಲು ವೈದ್ಯರು ನಾಲಿಗೆ ನೋಡುತ್ತಾರೆ, ಹಸಿವು, ಮಲ, ನಿದ್ದೆ ಕೇಳುತ್ತಾರೆ. ಅಜೀರ್ಣವಿದ್ದರೆ, ಕಫ ಕಟ್ಟಿದ್ದರೆ ಅಭ್ಯಂಗ ಬೇಡ ಎಂಬುದು ಆಯುರ್ವೇದದ ಹಳೆಯ ಗ್ರಂಥ, ವಾಗ್ಭಟನ ಅಷ್ಟಾಂಗಹೃದಯದಲ್ಲೇ ಇರುವ ಮಾತು. ದಿನಾ ಎಣ್ಣೆ ಹಚ್ಚಿಕೊಂಡರೆ ಮುಪ್ಪು, ಶ್ರಮ, ವಾತ ಮೂರನ್ನೂ ಕಳೆಯುತ್ತದೆ ಎನ್ನುವುದೂ ಅಲ್ಲಿಯದೇ. ತಲೆ, ಕಿವಿ, ಪಾದಗಳನ್ನು ಅಲ್ಲಿ ವಿಶೇಷವಾಗಿ ಹೆಸರಿಸಿದ್ದಾರೆ. ಆ ಕೊನೆಯ ಮಾತನ್ನು ಮನಸ್ಸಿನಲ್ಲಿಡಿ, ಮುಂದೆ ಉಪಯೋಗಕ್ಕೆ ಬರುತ್ತದೆ.

ಅಭ್ಯಂಗ ಹೇಗಿರುತ್ತದೆ? ಕಟ್ಟಿಗೆಯ ದ್ರೋಣಿಯ ಮೇಲೆ ಮಲಗಿಸುತ್ತಾರೆ. ಹೆಂಗಸರಿಗೆ ಹೆಂಗಸರೇ; ಇದನ್ನು ಫೋನಿನಲ್ಲೇ ಕೇಳಿ ಖಾತ್ರಿ ಮಾಡಿಕೊಳ್ಳಿ. ಬಿಸಿನೀರಿನ ಪಾತ್ರೆಯಲ್ಲಿಟ್ಟು ಕಾಯಿಸಿದ ಎಣ್ಣೆ ಮೊದಲು ನೆತ್ತಿಗೆ, ಆಮೇಲೆ ಮೈಗೆ. ಕೈಕಾಲಿಗೆ ಉದ್ದುದ್ದ ಎಳೆತ, ಕೀಲುಗಳ ಸುತ್ತ ಗುಂಡಗೆ. ಒತ್ತಡ ಹೆಚ್ಚಿಲ್ಲ, ಲಯ ಮುಖ್ಯ. ಆಮೇಲೆ ಹಬೆಯ ಪೆಟ್ಟಿಗೆ, ಬಿಸಿನೀರು. ನನಗೆ ಮೊದಲ ದಿನ ಕಣ್ಣಲ್ಲಿ ನೀರು ಬಂತು, ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಎಣ್ಣೆ ಹಚ್ಚುತ್ತಿದ್ದ ಹೆಂಗಸು ಏನೂ ಕೇಳದೆ ಒಂದು ಅರಿವೆ ತಂದು ಕಣ್ಣ ಮೇಲೆ ಹೊದಿಸಿದರು. ಒಳ್ಳೆಯ ಕೈ ಯಾವುದು ಎಂದು ಯಾರಾದರೂ ಕೇಳಿದರೆ ನನಗೆ ಆ ಅರಿವೆ ನೆನಪಾಗುತ್ತದೆ.

ಮಂಗಳವಾರದ ಪ್ರಶ್ನೆಗೆ ಬನ್ನಿ. ರವಿವಾರದ ಅಭ್ಯಂಗ ನನ್ನಲ್ಲಿ ಸೋಮವಾರ ಸಂಜೆತನಕ ಇರುತ್ತದೆ, ಅದರಾಚೆ ಇಲ್ಲ. ಸಾಲಾಗಿ ಏಳು ದಿನ ಮಾಡಿಸಿಕೊಂಡಾಗ ಹತ್ತು ಹನ್ನೆರಡು ದಿನ ನಿದ್ದೆ ಚೆನ್ನಾಗಿತ್ತು. ಏಳು ದಿನ ರಜೆ ಯಾರು ಕೊಡುತ್ತಾರೆ? ನಾನು ಬೆಳಗಿನ ಏಳರ ಪಾಳಿ ಕೇಳಿ ಪಡೆದೆ. ಅಭ್ಯಂಗದಲ್ಲಿ ಮನೆಗೆ ತಂದುಕೊಂಡದ್ದು ಪಾದದ ಎಣ್ಣೆ. ರಾತ್ರಿ ಮಲಗುವ ಮುಂಚೆ ಬೆಚ್ಚಗಿನ ಎಳ್ಳೆಣ್ಣೆ, ಒಂದೊಂದು ಪಾದಕ್ಕೆ ಐದು ನಿಮಿಷ, ಹಳೇ ಕಾಲುಚೀಲ. ಕುಸುಬಿ ಎಣ್ಣೆಯೂ ಆದೀತು. ಎಣ್ಣೆಗಾಲಲ್ಲಿ ಬಚ್ಚಲಿಗೆ ಹೋಗಿ ಜಾರಬೇಡಿ, ನಮ್ಮತ್ತೆ ಜಾರಿದ್ದಾರೆ.

ಸ್ಪಾ, ಮತ್ತು ಗಟ್ಟಿ ಒತ್ತಿಸುವ ಹುಚ್ಚು

ನೀಲಿಗಟ್ಟಿದ್ದು ಇಲ್ಲಿ. ಒಂದು ಸ್ಪಾದಲ್ಲಿ “ಡೀಪ್ ಟಿಶ್ಯೂ ತಗೊಳ್ರಿ ಮೇಡಂ, ಗಂಟು ಒಡೀತಾವ” ಎಂದರು. ಮೊಣಕೈಯಿಂದ ಒತ್ತಿದರು. ನಾನು ಹಲ್ಲು ಕಚ್ಚಿ ಸಹಿಸಿದೆ, ಕೊಟ್ಟ ರೊಕ್ಕಕ್ಕೆ ಮೋಸವಾಗಬಾರದಲ್ಲ. ಮರುದಿನ ಸ್ಕೂಟಿ ಮೇಲೆ ಹಿಂದಿನ ಗಾಡಿ ನೋಡಲು ಕತ್ತು ತಿರುಗಲಿಲ್ಲ, ಗೋಗಟೆ ಸರ್ಕಲ್ಲಿನಲ್ಲಿ ಇಡೀ ಸೊಂಟ ತಿರುಗಿಸಿ ನೋಡಿದೆ. ಎತ್ತಿ ಹಿಡಿದ ಹೆಗಲು ತನ್ನನ್ನು ಕಾಯ್ದುಕೊಳ್ಳುತ್ತಿರುತ್ತದೆ; ಅದರ ಮೇಲೆ ಮೊಣಕೈ ಬಿದ್ದರೆ ಇನ್ನಷ್ಟು ಕಾಯ್ದುಕೊಳ್ಳುತ್ತದೆ. ಟೇಲರಿನ ಎರಡು ಬೆರಳು ಮಾಡಿದ ಕೆಲಸವನ್ನು ಆ ಮೊಣಕೈ ಮಾಡಲಿಲ್ಲ. ಒಳ್ಳೆಯ ಸ್ಪಾಗಳೂ ಇವೆ ಅನ್ನುತ್ತಾರೆ, ಇರಲಿ. ಹೋಗುವುದಾದರೆ “ಹಗುರ ಕೈ ಬೇಕು, ನೋವಾದರೆ ನಿಲ್ಲಿಸಬೇಕು” ಎಂದು ಮೊದಲೇ ಹೇಳಿ, ಆಮೇಲೂ ಸಂಕೋಚವಿಲ್ಲದೆ ಹೇಳಿ.

ಎಷ್ಟು ಹೊತ್ತು ಎಂಬುದಕ್ಕೂ ಲೆಕ್ಕವಿದೆ. 2014ರಲ್ಲಿ ಅಮೆರಿಕದ ಸಂಶೋಧಕರು ಬಹುಕಾಲದ ಕತ್ತು ನೋವಿನವರಿಗೆ ನಾಲ್ಕು ವಾರ ಬೇರೆ ಬೇರೆ ಪ್ರಮಾಣದಲ್ಲಿ ಮಸಾಜು ಕೊಟ್ಟು ನೋಡಿದರು. ವಾರಕ್ಕೆ ಎರಡು ಮೂರು ಸಲ ಒಂದೊಂದು ಗಂಟೆ ಮಾಡಿಸಿಕೊಂಡವರಿಗೆ ಗುಣ ಕಂಡಿತು. ಅಷ್ಟೇ ಸಲ ಅರ್ಧರ್ಧ ಗಂಟೆ ಮಾಡಿಸಿಕೊಂಡವರಿಗೂ ಏನೂ ಮಾಡಿಸಿಕೊಳ್ಳದವರಿಗೂ ಹೇಳಿಕೊಳ್ಳುವಂಥ ಫರಕು ಬರಲಿಲ್ಲ. ಅಂದ ಮೇಲೆ ಮಾಲಿನಲ್ಲಿ ನೋಟು ತೂರಿಸಿ ಕೂಡುವ ಆ ಗುರುಗುಟ್ಟುವ ಖುರ್ಚಿಯ ಬಗ್ಗೆ ನಾನು ಹೆಚ್ಚು ಬರೆಯಬೇಕಿಲ್ಲ. ಕೈಯಲ್ಲಿ ಹಿಡಿಯುವ ಮಸಾಜ್ ಗನ್ ತೊಡೆಗೆ, ಮೀನಖಂಡಕ್ಕೆ ಅಡ್ಡಿಯಿಲ್ಲ, ಕತ್ತಿನ ಮುಂಭಾಗಕ್ಕೂ ಬದಿಗೂ ಬೇಡವೇ ಬೇಡ.

ಫಿಸಿಯೋಥೆರಪಿ

ಮೇಲ್ನೋಟಕ್ಕೆ ಇದರಷ್ಟು ಬೇಸರದ್ದು ಇನ್ನೊಂದಿಲ್ಲ, ಮಂಗಳವಾರದ ಪರೀಕ್ಷೆಯಲ್ಲಿ ಇದರಷ್ಟು ಅಂಕ ತೆಗೆದದ್ದೂ ಇನ್ನೊಂದಿಲ್ಲ.

ಜನರ ಬಾಯಲ್ಲಿ ಫಿಸಿಯೋ ಅಂದರೆ “ಕರೆಂಟ್ ಶೇಕ”. ನಾನು ಮೊದಲು ಹೋದ ಕ್ಲಿನಿಕ್ಕಿನಲ್ಲೂ ಅದೇ ಆಯಿತು: ಹತ್ತು ದಿನ ಹೆಗಲಿಗೆ ಪ್ಯಾಡು ಅಂಟಿಸಿ, ಮಷೀನು ಹಚ್ಚಿ, ಪರದೆ ಎಳೆದು ಹೋಗುತ್ತಿದ್ದರು. ಹತ್ತೂ ದಿನ ಒಬ್ಬರೂ ನನ್ನ ಹೆಗಲನ್ನು ಕೈಯಿಂದ ಮುಟ್ಟಲಿಲ್ಲ, ನಾನು ಹೇಗೆ ಕೂಡುತ್ತೇನೆ ಎಂದು ಕೇಳಲಿಲ್ಲ. ಅಂಥಲ್ಲಿ ಮೂರನೇ ದಿನವೇ ಬಿಟ್ಟುಬಿಡಿ. ಎರಡನೆಯ ಕಡೆ ಸಿಕ್ಕ ಹುಡುಗಿ ಬಿಪಿಟಿ, ಅಂದರೆ ಫಿಸಿಯೋಥೆರಪಿಯ ಪದವಿ, ಮುಗಿಸಿದವಳು; ಇಂಟರ್ನ್‌ಶಿಪ್ ಸೇರಿ ಅವಳು ಓದುವ ಕಾಲಕ್ಕೆ ನಾಲ್ಕೂವರೆ ವರ್ಷದ ಓದು ಅದು. ಆಕೆ ಮೊದಲು ಮಾಡಿದ್ದು ಒಂದು ಖುರ್ಚಿ ಕೊಟ್ಟು “ಆಫೀಸ್‌ನ್ಯಾಗ ಕೂತಂಗ ಕೂಡ್ರಿ” ಅಂದದ್ದು. ಕೂತೆ. ಫೋಟೋ ತೆಗೆದು ತೋರಿಸಿದಳು. ಕೋಳಿ ಕಾಳು ಹೆಕ್ಕಲು ಕತ್ತು ಚಾಚಿದಂತೆ ಇತ್ತು.

ತಲೆಯ ತೂಕ ನಾಲ್ಕೂವರೆ ಐದು ಕೆಜಿ. ನ್ಯೂಯಾರ್ಕಿನ ಬೆನ್ನೆಲುಬಿನ ಸರ್ಜನ್ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಮಾಡಿದ ಲೆಕ್ಕದ ಪ್ರಕಾರ ಮೊಬೈಲ್ ನೋಡಲು 60 ಡಿಗ್ರಿ ಬಾಗಿದರೆ ಕತ್ತಿನ ಮೇಲೆ ಬೀಳುವ ಭಾರ ಸುಮಾರು 27 ಕೆಜಿ. ಅದು ಕಂಪ್ಯೂಟರಿನಲ್ಲಿ ಮಾಡಿದ ಲೆಕ್ಕ, ಯಾರ ಕತ್ತಿನಲ್ಲೂ ತಕ್ಕಡಿ ಇಟ್ಟು ನೋಡಿದ್ದಲ್ಲ. ಆದರೂ ಅಂದಾಜಿಗೆ ಸಾಕು: ಅರ್ಧ ಮೂಟೆ ಸಿಮೆಂಟು.

ಆಕೆಯ ಕೈಯೂ ಹಗುರವೇ. ತಲೆಬುರುಡೆಯ ಬುಡದಲ್ಲಿ, ಕತ್ತು ಕೂಡುವ ಜಾಗದಲ್ಲಿ ಬೆರಳತುದಿ ಇಟ್ಟು ಕಾಯುತ್ತಾಳೆ, ನನ್ನ ತಲೆಯ ಭಾರವೇ ಕೆಲಸ ಮಾಡುತ್ತದೆ. ಕತ್ತನ್ನು ಆಕೆಯ ಅಂಗೈಗೆ ಮೆಲ್ಲಗೆ ಐದು ಎಣಿಸುವ ತನಕ ಒತ್ತು ಅನ್ನುತ್ತಾಳೆ, ಬಿಡು ಅನ್ನುತ್ತಾಳೆ. ಬಿಟ್ಟಾಗ ಒಂದಿಷ್ಟು ಜಾಗ ಹೆಚ್ಚು ತಿರುಗಿರುತ್ತದೆ. ಕೊನೆಗೆ ಒಂದು ರಬ್ಬರಿನ ಪಟ್ಟಿ ಕೊಟ್ಟು ಮನೆಗೆ ಕಳಿಸಿದಳು. ಈ ಪಟ್ಟಿಯ ಹಿಂದೆ ಒಂದು ಅಧ್ಯಯನವಿದೆ. ಡೆನ್ಮಾರ್ಕಿನಲ್ಲಿ ಕತ್ತು, ಹೆಗಲ ನೋವಿನ 198 ಕಚೇರಿ ನೌಕರರನ್ನು ಆರಿಸಿ, ಕೆಲವರಿಗೆ ದಿನಕ್ಕೆ 2 ನಿಮಿಷ, ಕೆಲವರಿಗೆ 12 ನಿಮಿಷ ರಬ್ಬರ್ ಎಳೆದು ಕೈ ಎತ್ತುವ ವ್ಯಾಯಾಮ ಕೊಟ್ಟರು, ವಾರಕ್ಕೆ ಐದು ದಿನ, ಹತ್ತು ವಾರ. ಏನೂ ಮಾಡದವರಿಗಿಂತ ಎರಡೂ ಗುಂಪಿನವರ ನೋವು ಇಳಿಯಿತು. 2011ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ನನಗೆ ಹಿಡಿಸಿದ್ದು ಆ ಎರಡು ನಿಮಿಷ. ನಾನು ಮಧ್ಯಾಹ್ನದ ಚಹಾಕ್ಕೆ ಮುಂಚೆ ಆಫೀಸಿನ ಜಿನೆ ಹತ್ತುವಲ್ಲಿ ನಿಂತು ಎಳೆಯುತ್ತೇನೆ. ಮೊದಲು ನಗುತ್ತಿದ್ದ ಡಿಸ್ಪ್ಯಾಚಿನ ಹುಡುಗ ಈಗ “ಮೇಡಮ್ಮಾರ, ನಂದೂ ಒಂದ್ ಪಟ್ಟಿ ತರಿಸ್ರಿ” ಅನ್ನುತ್ತಾನೆ.

ಬೆಳಗಾವಿಯವರಿಗೆ ನೆಹರು ನಗರದ ಕೆಎಲ್‌ಇ ಕ್ಯಾಂಪಸ್ಸಿನಲ್ಲಿ ಫಿಸಿಯೋಥೆರಪಿ ಕಾಲೇಜೇ ಇದೆ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ನೋಡುತ್ತಾರೆ ಎಂದು ಕೆಲವರು ಮೂಗು ಮುರಿಯುತ್ತಾರೆ. ನನ್ನ ಎಣಿಕೆಯಲ್ಲಿ ಅದೇ ಲಾಭ: ವಿದ್ಯಾರ್ಥಿಗೆ ಅವಸರವಿಲ್ಲ, ಮೇಲೆ ಗುರುಗಳು ನಿಂತಿರುತ್ತಾರೆ.

ಮೃದು ಹೆಸರುಗಳ ವಿದೇಶಿ ವಿದ್ಯೆಗಳು

ಗೋವಾ ನಮಗೆ ಹತ್ತಿರ, ಹಾಗಾಗಿ ಕ್ರೇನಿಯೋಸೇಕ್ರಲ್ ಎಂಬ ಹೆಸರು ಈ ಕಡೆಗೂ ಗಾಳಿಯಲ್ಲಿ ಬಂದಿದೆ. ಅಮೆರಿಕದ ವೈದ್ಯ ಜಾನ್ ಅಪ್ಲೆಡ್ಜರ್ 1970ರ ದಶಕದಲ್ಲಿ ಬೆಳೆಸಿದ ಪದ್ಧತಿ. ತಲೆಬುರುಡೆ, ಬೆನ್ನಹುರಿಯ ಬುಡದಲ್ಲಿ ತೀರ ಹಗುರಾಗಿ ಕೈ ಇಟ್ಟು ಒಳಗಿನ ದ್ರವದ ಲಯವನ್ನು ಗುರುತಿಸುತ್ತೇವೆ ಅನ್ನುತ್ತಾರೆ. ತೊಂದರೆ ಏನೆಂದರೆ, ಒಬ್ಬನೇ ರೋಗಿಯ ಲಯವನ್ನು ಇಬ್ಬರು ಪರಿಣತರಿಗೆ ಎಣಿಸಲು ಹೇಳಿದಾಗ ಎಣಿಕೆಗಳು ತಾಳೆಯಾಗಿಲ್ಲ. ಹೀಗಾಗಿ ಆ ವಿವರಣೆಯನ್ನು ನಾನು ನಂಬುವುದಿಲ್ಲ. ಒಂದು ಗಂಟೆ ಮೊಬೈಲಿಲ್ಲದೆ, ಯಾರೋ ಅಕ್ಕರೆಯಿಂದ ತಲೆಗೆ ಕೈ ಕೊಟ್ಟುಕೊಂಡು ಕೂತಿದ್ದರೆ ಮೈ ಹಗುರಾಗುತ್ತದೆ ಎಂಬುದನ್ನು ಮಾತ್ರ ನಂಬುತ್ತೇನೆ. ಅಷ್ಟಕ್ಕೆ ಅಷ್ಟು ರೊಕ್ಕವೇ ಎಂಬುದು ನಿಮಗೆ ಬಿಟ್ಟದ್ದು.

ಅಲೆಕ್ಸಾಂಡರ್ ತಂತ್ರದ ಕತೆ ಬೇರೆ. ಆಸ್ಟ್ರೇಲಿಯಾದ ನಟ ಎಫ್.ಎಂ. ಅಲೆಕ್ಸಾಂಡರನಿಗೆ ರಂಗದ ಮೇಲೆ ದನಿ ಕಟ್ಟುತ್ತಿತ್ತು. ಕನ್ನಡಿ ಇಟ್ಟುಕೊಂಡು ನೋಡಿದರೆ, ಮಾತು ಶುರು ಮಾಡುವ ಮೊದಲೇ ತಾನು ತಲೆಯನ್ನು ಹಿಂದಕ್ಕೆಳೆದು ಕತ್ತು ಬಿಗಿಯುವುದು ಕಂಡಿತಂತೆ. ನನ್ನ ಟೇಲರ್ ಕಂಡದ್ದನ್ನು ಆತ ತಾನೇ ಕಂಡುಕೊಂಡ. ಗುರು ಹಗುರ ಕೈಯಿಂದ ತೋರಿಸುತ್ತ ಏಳುವುದು, ಕೂಡುವುದು, ನಡೆಯುವುದನ್ನು ಮತ್ತೆ ಕಲಿಸುತ್ತಾರೆ. ಬ್ರಿಟನ್ನಿನಲ್ಲಿ ಬೆನ್ನುನೋವಿನವರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ 24 ಪಾಠ ಕಲಿತವರಿಗೆ ಒಂದು ವರ್ಷದ ಮೇಲೂ ನಾಲ್ಕು ವಾರಕ್ಕೆ 3 ದಿನ ಮಾತ್ರ ನೋವು. ಮಾಮೂಲಿ ಚಿಕಿತ್ಸೆಯವರಿಗೆ 21 ದಿನ. ಮಂಗಳವಾರದ ಪರೀಕ್ಷೆಯನ್ನು ವರ್ಷಗಟ್ಟಲೆ ಪಾಸಾದ ವಿದ್ಯೆ. ಆದರೆ ಕೈ ಇಟ್ಟು ಕಲಿಸುವ ಗುರು ಈ ಊರಲ್ಲಿ ನನಗೆ ಸಿಗಲಿಲ್ಲ.

ಫೆಲ್ಡೆನ್‌ಕ್ರೈಸ್ ಅದಕ್ಕೆ ಚಿಕ್ಕಪ್ಪನ ಮಗ. ಮೋಶೆ ಫೆಲ್ಡೆನ್‌ಕ್ರೈಸ್ ಭೌತವಿಜ್ಞಾನಿ, ಜೂಡೋ ಪಟು, ಮೊಣಕಾಲು ಕೆಟ್ಟ ಮೇಲೆ ಚಲನೆಯನ್ನೇ ಅಭ್ಯಾಸ ಮಾಡಿದವರು. ಇದರ ಗುಂಪು ಪಾಠಗಳು ಬರೀ ಮಾತಿನಲ್ಲಿರುತ್ತವೆ, ಆಡಿಯೋ ಸಿಗುತ್ತದೆ. ನಾನು ನೆಲಕ್ಕೆ ಕೌದಿ ಹಾಸಿ ಮಲಗಿ ಕೇಳಿದೆ: ಎಡ ಹೆಗಲನ್ನು ಒಂದು ಕೂದಲೆಳೆಯಷ್ಟು ಮುಂದೆ ತನ್ನಿ, ಬಿಡಿ, ಬರೀ ಮನಸ್ಸಿನಲ್ಲೇ ತನ್ನಿ, ಬಿಡಿ. ಇಪ್ಪತ್ತು ನಿಮಿಷ ಅದೇ. ಎದ್ದಾಗ ಎಡಗೈ ಬಲಗೈಗಿಂತ ಉದ್ದವಾದಂತೆ ಅನಿಸಿತು. ಅವಸರದ ಮಂದಿಗೆ ಇದು ಹಿಡಿಸುವುದಿಲ್ಲ. ನಮ್ಮನೆಯವರು ಎಂಟನೇ ನಿಮಿಷಕ್ಕೆ ಗೊರಕೆ ಹೊಡೆದರು.

ಯೋಗನಿದ್ರೆ

ಮುಟ್ಟಿಸಿಕೊಳ್ಳಲು ಇಷ್ಟವಿಲ್ಲದವರಿಗೆ ಇದು. ಎಷ್ಟೋ ಹೆಂಗಸರಿಗೆ, ಗಂಡಸರಿಗೂ, ಬೇರೆಯವರ ಕೈ ಮೈಮೇಲೆ ಬಿದ್ದರೆ ಬಿಗಿತ ಹೆಚ್ಚುತ್ತದೆ, ಅದರಲ್ಲಿ ತಪ್ಪೇನಿಲ್ಲ. ಬಿಹಾರದ ಮುಂಗೇರಿನ ಸತ್ಯಾನಂದ ಸರಸ್ವತಿ ಅವರು ತಂತ್ರದ ನ್ಯಾಸದಿಂದ (ಮಂತ್ರ ಹೇಳುತ್ತ ಒಂದೊಂದೇ ಅಂಗ ಮುಟ್ಟಿಕೊಳ್ಳುವ ವಿಧಿ) ಎತ್ತಿಕೊಂಡು ಇಂದಿನ ರೂಪಕ್ಕೆ ತಂದ ಈ ಕ್ರಮದಲ್ಲಿ ಬಲಗೈ ಹೆಬ್ಬೆರಳಿನಿಂದ ಶುರುಮಾಡಿ ಅಂಗಾಂಗಗಳ ಹೆಸರು ಹೇಳುತ್ತ ಹೋಗುತ್ತಾರೆ, ಮಲಗಿದವರು ಮನಸ್ಸನ್ನು ಅಲ್ಲಲ್ಲಿಗೆ ಒಯ್ಯುತ್ತ ಹೋಗುತ್ತಾರೆ. ಇದೇ ದಾರಿಯಲ್ಲಿ ಇನ್ನೊಂದು ಕಡೆಯಿಂದ ಬಂದವರು ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್. ಮುಷ್ಟಿ ಬಿಗಿ, ಬಿಗಿತ ಎಲ್ಲಿದೆ ನೋಡು, ಬಿಡು, ಬಿಟ್ಟದ್ದು ಹೇಗಿದೆ ನೋಡು. ಆಫೀಸಿನ ಖುರ್ಚಿಗೆ ನನಗೆ ಒಗ್ಗಿದ್ದು ಜೇಕಬ್ಸನ್ನನದೇ. ಹೆಗಲನ್ನು ಬೇಕೆಂದೇ ಕಿವಿಯ ತನಕ ಎತ್ತಿ, ಐದು ಎಣಿಸಿ, ಬಿಡುತ್ತೇನೆ. ಎತ್ತಿದ್ದು ಗೊತ್ತಾದರೆ ತಾನೇ ಇಳಿಸುವುದು.

ಮನೆಯಲ್ಲಾದರೆ ಮಂಡಿಯ ಕೆಳಗೆ ಲೋಡು, ತಲೆಗೆ ಮಡಚಿದ ಕೌದಿ, ಕಣ್ಣಿಗೆ ಒಂದು ಅರಿವೆ. ಬೆಳಗಾವಿಯ ಡಿಸೆಂಬರಿನಲ್ಲಿ ಮೇಲೊಂದು ರಗ್ಗು ಬೇಕು. ಚಳಿಗೆ ನಡುಗುವ ಮೈ ಸಡಿಲಾಗುವುದಿಲ್ಲ. ಖರ್ಚು ಸೊನ್ನೆ. ಕಷ್ಟವೆಂದರೆ ಮನೆಯಲ್ಲಿ ಇಪ್ಪತ್ತು ನಿಮಿಷ ಯಾರೂ ಕರೆಯದಿರುವುದು. ಆ ಸಮಸ್ಯೆಗೆ ಸತ್ಯಾನಂದರಲ್ಲೂ ಜೇಕಬ್ಸನ್ನರಲ್ಲೂ ಉತ್ತರ ಸಿಗಲಿಲ್ಲ.

ಕಟಿಂಗ್ ಅಂಗಡಿ, ಗರಡಿಮನೆ

ಇದು ಗಂಡಸರ ಲೋಕ, ನಮ್ಮನೆಯವರ ಸಾಕ್ಷಿಯ ಮೇಲೆ ಬರೆಯುತ್ತಿದ್ದೇನೆ. ಕಟಿಂಗ್ ಅಂಗಡಿಯ ತಲೆ ಮಾಲೀಷು ನೆತ್ತಿಗೆ, ಹಣೆಗೆ ಹಿತ, ಸೋವಿ. ಆದರೆ ಕೊನೆಗೆ ಗದ್ದ ಹಿಡಿದು ಕತ್ತನ್ನು ಲಟಕ್ ಅನ್ನಿಸುವುದು ಬೇಡ. ಕತ್ತಿನ ಎಲುಬಿನೊಳಗಿಂದ ಮಿದುಳಿಗೆ ಹೋಗುವ ರಕ್ತನಾಳ ಆ ತಿರುವಿನಲ್ಲಿ ಒಳಗೊಳಗೇ ಹರಿಯಬಹುದು. 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಹೀಗೆ ತಿರುವಿಸಿಕೊಂಡ ಮೇಲೆ ಪಾರ್ಶ್ವವಾಯು ಬಡಿದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಕೂಡುವ ಮೊದಲೇ “ಕುತಗಿ ಮುರೀಬ್ಯಾಡ್ರಿ” ಎಂದು ಹೇಳಿಬಿಡಿ. ಗರಡಿಮನೆಯ ಮಾಲೀಷು ದಿನಾ ಸಾಮು ಮಾಡುವ ಪೈಲ್ವಾನರ ಮೈಗೆ. ಎಂಟು ತಾಸು ಕೂತ ಗುಮಾಸ್ತನ ಮೈಯನ್ನು ಆ ಕೈಗೆ ಕೊಡಬೇಡಿ.

ಹಾಗಾದರೆ ಯಾವುದು?

ಬಾಗಲಕೋಟೆ ನವನಗರದಲ್ಲಿರುವ ನನ್ನ ತಂಗಿ ಮೊನ್ನೆ ಫೋನು ಮಾಡಿದ್ದಳು. “ಅಕ್ಕಾ, ಎಲ್ಲಾ ಹೇಳಬ್ಯಾಡ, ಒಂದ್ ಹೇಳು” ಅಂದಳು. ಅವಳಿಗೆ ಕತ್ತಿನ ನೋವು ಖಂಡಿತ ಇದೆ, ಎಡಗಡೆ ತಿರುಗಿದರೆ ಚಳಕು ಹೊಡೆಯುತ್ತದೆ. ಹಾಗಾಗಿ ಫಿಸಿಯೋ ಅಂದೆ, ಆರು ಸಲ, ಜೊತೆಗೆ ರಬ್ಬರ್ ಪಟ್ಟಿ. ಹಣವಿದ್ದದ್ದು ಅದಕ್ಕೇ ಹೋಗಲಿ. ಅದೇ ಅವಳ ಪಕ್ಕದ ಟೇಬಲ್ಲಿನವಳಿಗೆ ನೋವಿಲ್ಲ, ನಿದ್ದೆಯಿಲ್ಲ, ಸಣ್ಣದಕ್ಕೆಲ್ಲ ಸಿಟ್ಟು. ಆಕೆಗೆ ಅಭ್ಯಂಗ, ಆಗದಿದ್ದರೆ ಪಾದದ ಎಣ್ಣೆ ಮತ್ತು ಯೋಗನಿದ್ರೆ. ಅಲ್ಲಿಯ ಏಪ್ರಿಲ್ ಮೇ ಬಿಸಿಲಿನಲ್ಲಿ ನಡುಹಗಲಿಗೆ ಎಣ್ಣೆ, ಹಬೆ ಎಂದು ಹೋಗಬೇಡಿ, ತಲೆ ಸುತ್ತಿ ಬಿದ್ದೀರಿ. ಬೆಳಗಿನ ಪಾಳಿ ಕೇಳಿ ಎಂದೂ ಹೇಳಿದೆ. ಮಾಡಿಸಿಕೊಂಡ ತಕ್ಷಣ ಗಾಡಿ ಹತ್ತಬೇಡಿ, ಕಾಲು ತಾಸು ಕೂತು ನೀರು ಕುಡಿದು ಹೊರಡಿ.

“ನಿಂಗ ಯಾವ್ದು ಉಳೀತು?” ಎಂದು ಕೇಳಿದಳು. ಲೆಕ್ಕ ಹಾಕಿ ಹೇಳಿದೆ. ತಿಂಗಳಿಗೊಂದು ಅಭ್ಯಂಗ, ಅದು ಉಪಚಾರಕ್ಕಿಂತ ಖುಷಿಗೆ. ರಾತ್ರಿಯ ಪಾದದೆಣ್ಣೆ ವಾರಕ್ಕೆ ನಾಲ್ಕು ದಿನ, ಐದೆಂದರೆ ಸುಳ್ಳಾದೀತು. ಪಟ್ಟಿ ದಿನಾ ಎರಡು ನಿಮಿಷ. ಮತ್ತೆ, ಕಂಪ್ಯೂಟರಿನಲ್ಲಿ ಫೈಲು ಸೇವ್ ಮಾಡಿದಾಗೆಲ್ಲ ಒಮ್ಮೆ ಹೆಗಲು ಎತ್ತಿ ಬಿಡುವುದು. ಸೇವ್ ಮಾಡುವುದನ್ನಂತೂ ಮರೆಯುವುದಿಲ್ಲವಲ್ಲ ಎಂದು ಅದಕ್ಕೇ ಗಂಟು ಹಾಕಿದ್ದೇನೆ.

“ಈಗ ಹೆಗಲ ಎಲ್ಲೈತಿ?” ಅಂದಳು.

ಫೋನನ್ನು ಕಿವಿಗೂ ಎಡ ಹೆಗಲಿಗೂ ನಡುವೆ ಸಿಗಿಸಿಕೊಂಡು ಮಾತಾಡುತ್ತಿದ್ದೆ.